ಮಷಿನ್ ಕೂಗಬೇಕು

ಹಿರಿಯೂರಿನಲ್ಲಿ ಮರ ಕೊಯ್ಯುವ ಮಷಿನ್ ರಿಪೇರಿಯಾಗಿದೆ ಎಂದು ಜನ ಒಪ್ಪಬೇಕಾದರೆ ಅದು ಕೂಗಬೇಕು. ಮರ ಕೊಯ್ಯುವುದು ಆಮೇಲಿನ ಮಾತು. ಮಷಿನಿನ ಮಾಲೀಕ ಅದನ್ನು ರಿಪೇರಿ ಅಂಗಡಿಯ ಮುಂದೆ ಎದೆಯೆತ್ತರಕ್ಕೆ ಹಿಡಿದು, ಗಾಳಿಯನ್ನೇ ಎರಡು ತುಂಡು ಮಾಡುವವನಂತೆ ಪೂರ್ತಿ ರೇಸ್ ಮಾಡುತ್ತಾನೆ. ಪಕ್ಕದ ಟೀ ಅಂಗಡಿಯಲ್ಲಿ ಮಾತು ನಿಲ್ಲುತ್ತದೆ. ನಿಲ್ಲದೆ ಬೇರೆ ದಾರಿಯೂ ಇಲ್ಲ. ಹೆದ್ದಾರಿ ಬಸ್ಸಿನ ಹಾರ್ನನ್ನೂ ಆ ಶಬ್ದ ನುಂಗಿಹಾಕಿದರೆ ಎಲ್ಲರೂ ತಲೆದೂಗುತ್ತಾರೆ.

ಈ ಸಂಗೀತ ಸಭೆಯ ವಿದ್ವಾಂಸರು ನನ್ನ ಸೋದರಮಾವ. ಅಂಗಡಿ ಅವರದೇ. ಕಾರ್ಬೊರೇಟರಿನ ಪುಟ್ಟ ಸ್ಕ್ರೂವಿಗೆ ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿ, ಎಡಗಿವಿಯನ್ನು ಮಷಿನಿನ ಕಡೆ ವಾಲಿಸಿ, ಕೂದಲೆಳೆಯಷ್ಟು ತಿರುಗಿಸುತ್ತಾರೆ. ನಮ್ಮದು ಕುರಿ ಕಾಯ್ದ ಮನೆತನ. ಹಿಂಡಿನಲ್ಲಿ ಕೆಮ್ಮಿದ ಮರಿ ಯಾವುದೆಂದು ತಾತ ಮಲಗಿದಲ್ಲಿಂದಲೇ ಹೇಳುತ್ತಿದ್ದರಂತೆ. ಆ ಕಿವಿಯೇ ಮಾವನಿಗೆ ಬಂದಿದೆ ಎಂಬುದು ಹಿರಿಯೂರಿನಿಂದ ಹೊಸದುರ್ಗದವರೆಗೆ ತೆಂಗಿನ ಮರ ಕಡಿಯುವವರೆಲ್ಲರ ನಂಬಿಕೆ. ಅಂಗಡಿಗೆ ಬೋರ್ಡ್ ಇಲ್ಲ. ಕಿವಿಯೇ ಬೋರ್ಡು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಉಪನ್ಯಾಸಕರ ಪರೀಕ್ಷೆಗೆ ಓದುತ್ತಾ, ಅಲ್ಲಿ ಬಿಲ್ಲು ಬರೆಯುತ್ತಿದ್ದೆ. ಮನೆಯಲ್ಲಿ ಕೂತರೆ ನನ್ನ ಮದುವೆಯ ಮಾತು ಬರುತ್ತಿತ್ತು. ಅಂಗಡಿಯಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಮಷಿನ್‌ಗಳು ವಾಪಸ್ ಬರತೊಡಗಿದವು. ಚೆನ್ನಾಗಿ ಕೂಗಿಕೊಂಡು ಹೋದವು ಪಿಸ್ಟನ್ ಸುಟ್ಟುಕೊಂಡು, ಮೂಕವಾಗಿ ಬಂದವು. ಮಾವನ ಬಳಿ ಕಾರಣಗಳಿಗೆ ಬರವಿರಲಿಲ್ಲ. ಪೆಟ್ರೋಲ್ ಕಲಬೆರಕೆ, ಆಯಿಲ್ ಡೂಪ್ಲಿಕೇಟ್, ಚೈನ್ ಮೊಂಡು, ಕಡಿಯುವವನು ಒರಟ. ಜವನಗೊಂಡನಹಳ್ಳಿಯ ಒಬ್ಬ ಮರ ಕಡಿಯುವವನು ಎರಡನೇ ಸಲ ಬಂದಾಗ ಮಾತ್ರ ಇದ್ಯಾವುದೂ ನಡೆಯಲಿಲ್ಲ.

“ಮೇಸ್ತ್ರಿ, ಪೆಟ್ರೋಲ್ ನಿಮ್ ಮುಂದೇನೇ ಹಾಕಿಸ್ದೆ. ಆಯಿಲ್ ನೀವೇ ಕೊಟ್ರಿ. ಇನ್ನು ಉಳ್ದಿರಾದು ನಿಮ್ ಕಿವಿ ಒಂದೇ.”

“ಏನ್ ಮಾತಾಡ್ತೀಯಲೇ?” ಎಂದರು ಮಾವ.

“ಇನ್ನೊಂದ್ ಸಲ ಸುಟ್ರೆ ನಾನು ಚಿತ್ರದುರ್ಗಕ್ಕೆ ಹೋಗ್ತೀನಿ. ಅಲ್ಲಿ ಕಂಪ್ಯೂಟರ್ ಐತಂತೆ.”

ಟೀ ಅಂಗಡಿಯಲ್ಲಿ ಆಗಲೂ ಮಾತು ನಿಂತಿತು. ಈ ಸಲ ಯಾವ ಮಷಿನೂ ಓಡುತ್ತಿರಲಿಲ್ಲ. ಅವನೊಬ್ಬ ಹೋದರೆ ಉಳಿದವರೂ ಅವನ ಹಿಂದೆಯೇ ಬಸ್ಸು ಹತ್ತುತ್ತಾರೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಮಾವನಿಗೆ ಎಲ್ಲರಿಗಿಂತ ಹೆಚ್ಚು.

ನಾನು ಯಾರನ್ನೂ ಕೇಳದೆ ಒಂದು ಟ್ಯಾಕೋಮೀಟರ್ ತರಿಸಿದೆ. ಬೆಂಕಿಪೊಟ್ಟಣದಷ್ಟು ಡಬ್ಬಿ. ಅದರ ತಂತಿಯನ್ನು ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತಿದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುತ್ತದೆ. ವಿಷಯ ಸರಳ. ಸ್ಕ್ರೂ ಬಿಗಿದಷ್ಟೂ ಒಳಗೆ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ, ವೇಗ ಏರುತ್ತದೆ, ಕೂಗು ಚೂಪಾಗುತ್ತದೆ. ಆಯಿಲ್ ಇರುವುದು ಪೆಟ್ರೋಲಿನಲ್ಲೇ ಆದ್ದರಿಂದ ಅದೂ ಕಡಿಮೆಯಾಗಿ ಪಿಸ್ಟನ್ ಒಣಗಿ ಸುಡುತ್ತದೆ. ಹನ್ನೆರಡೂವರೆ ಸಾವಿರ ದಾಟಬಾರದು ಎಂದು ಮಷಿನಿನ ಜೊತೆ ಬರುವ ಪುಸ್ತಕದಲ್ಲಿ ಬರೆದಿದೆ. ಆ ಪುಸ್ತಕದ ಕಾಗದ ಒಳ್ಳೆಯದು, ಗ್ರೀಸ್ ಚೆನ್ನಾಗಿ ಹೀರುತ್ತದೆ ಎಂಬ ಕಾರಣಕ್ಕೆ ನಮ್ಮಲ್ಲಿ ಅದಕ್ಕೆ ಬಹಳ ಗೌರವ.

ಮೊದಲ ದಿನ ಮೀಟರ್ ಇಪ್ಪತ್ತೆಂಟು ಸಾವಿರ ತೋರಿಸಿತು.

“ಗಟ್ಟಿಯಾಗಿ ಹಿಡ್ಕಳ್ರಪ್ಪ, ಹಾರಿ ಹೋದಾತು!” ಎಂದರು ಮಾವ. ಟೀ ಅಂಗಡಿಯವರೆಲ್ಲ ಎದ್ದು ಬಂದು ನಕ್ಕರು. “ಇಷ್ಟೆಲ್ಲ ಓದ್ಸಿದ್ದು ಇದಕ್ಕೇನಮ್ಮ?” ಎಂದು ಮಾವ ನನ್ನ ಕಡೆ ತಿರುಗಿದರು.

ಡಬ್ಬಿ ಬೇರೆ ಬಗೆಯ ಎಂಜಿನ್ನಿಗೆ ಹೊಂದಿಸಿದ್ದರಿಂದ ಎರಡು ಪಟ್ಟು ತೋರಿಸುತ್ತಿತ್ತು. ಗುಂಡಿ ಒತ್ತಿ ಸರಿಪಡಿಸಿದೆ. ಹದಿನಾಲ್ಕು ಸಾವಿರ. ಅದನ್ನು ಯಾರೂ ನೋಡಲಿಲ್ಲ. ನಗುವುದು ಮುಗಿದಿತ್ತು, ಎಲ್ಲರೂ ಟೀಗೆ ಮರಳಿದ್ದರು. ನಾನೇ ಸ್ಕ್ರೂ ಸಡಿಲಿಸಿ ಹನ್ನೆರಡೂವರೆ ಸಾವಿರಕ್ಕೆ ತಂದೆ. ಶಬ್ದ ಸ್ವಲ್ಪ ಗೊರಗೊರ ಎಂದಿತು. ಹಾಗೆಯೇ ಇರಬೇಕು, ಮರಕ್ಕೆ ಇಟ್ಟಾಗ ಅದು ತಾನಾಗಿ ಸರಿಹೋಗುತ್ತದೆ. ಮಾವ ಕಿವಿ ವಾಲಿಸಿ ಕೇಳಿ, “ಮಲಗೈತೆ ಇದು,” ಎಂದು ಮತ್ತೆ ಬಿಗಿದರು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಬ್ಯಾಟರಿ ಇಳಿದು, ಇನ್ವರ್ಟರ್ ಕೀಂ ಕೀಂ ಎಂದು ಅರಚತೊಡಗಿತು. ಮಾವ ಅದರ ಮೇಲೆಯೇ ಮೊಣಕೈ ಊರಿಕೊಂಡು ಪೇಪರ್ ಓದುತ್ತಿದ್ದರು. ಟೀ ಅಂಗಡಿಯಿಂದ ಯಾರೋ ಕೂಗಿದರು: “ಆ ಹಾಳು ಸದ್ದು ನಿಲ್ಸ್ರಿ ಅತ್ಲಾಗೆ!”

ಮಾವ ತಲೆ ಎತ್ತಿ ನನ್ನನ್ನು ಕೇಳಿದರು: “ಯಾವ ಸದ್ದು?”

ನಾನು ಎದ್ದು ಇನ್ವರ್ಟರ್ ಆಫ್ ಮಾಡಿದೆ. ಚೂಪು ಶಬ್ದಗಳು ಅವರ ಪಾಲಿಗೆ ಇಲ್ಲವಾಗಿದ್ದವು. ನೆನಪಿನಲ್ಲಿದ್ದ ಕೂಗು ಕಿವಿಗೆ ಸಿಗುವ ತನಕ ಅವರು ಸ್ಕ್ರೂ ಬಿಗಿಯುತ್ತಿದ್ದರು. ಅದು ಸಿಗುವ ಹೊತ್ತಿಗೆ ಪಿಸ್ಟನ್ನಿನ ಆಯುಷ್ಯ ಮುಗಿದಿರುತ್ತಿತ್ತು. ಅಷ್ಟು ವರ್ಷ ಅವರು ಕಿವಿಗೊಟ್ಟು ಕೇಳಿದ ಮಷಿನ್‌ಗಳೇ ಆ ಕಿವಿಯನ್ನು ತಿಂದಿದ್ದವು. ಮಾವ ಇನ್ವರ್ಟರನ್ನು ನೋಡಿದರು, ಟೀ ಅಂಗಡಿಯ ಕಡೆ ನೋಡಿದರು, ನನ್ನನ್ನು ನೋಡಿದರು. ಮತ್ತೆ ಪೇಪರ್ ಹಿಡಿದರು. ಆ ಪುಟವನ್ನು ಬಹಳ ಹೊತ್ತು ತಿರುಗಿಸಲಿಲ್ಲ.

ಮರುದಿನ ಬೆಳಿಗ್ಗೆ ಶಟರ್ ಎತ್ತುತ್ತಾ, ನನ್ನ ಮುಖ ನೋಡದೆ ಹೇಳಿದರು: “ನಿನ್ ಡಬ್ಬಿನ ಗಿರಾಕಿ ಕಡೆ ತಿರುಗ್ಸಿ ಇಡಬ್ಯಾಡ. ನನ್ ಕಡೆ ಇಡು.”

ನಾನು ಅದನ್ನು ಟೂಲ್ ಬಾಕ್ಸಿನ ತೆರೆದ ಮುಚ್ಚಳದ ಹಿಂದೆ ಇಟ್ಟೆ. ಜವನಗೊಂಡನಹಳ್ಳಿಯವನು ತನ್ನ ಮಷಿನ್ ಒಯ್ಯಲು ಬಂದ. ಮಾವ ಎಂದಿನಂತೆ ಕುಕ್ಕರುಗಾಲಿನಲ್ಲಿ ಕೂತು, ಎಡಗಿವಿ ವಾಲಿಸಿದರು. ಮುಚ್ಚಿದ್ದು ಮಾತ್ರ ಒಂದೇ ಕಣ್ಣು. ಇನ್ನೊಂದು ಮುಚ್ಚಳದ ಹಿಂದೆ ಕೆಲಸ ಮಾಡುತ್ತಿತ್ತು. ಹನ್ನೆರಡೂವರೆ ಬಂದ ಕೂಡಲೇ ಸ್ಕ್ರೂಡ್ರೈವರ್ ತೆಗೆದರು.

“ಇದೇನ್ ಮೇಸ್ತ್ರಿ, ಕೂಗ್ತಾನೇ ಇಲ್ಲ? ಎಮ್ಮೆ ಗೊರಕೆ ಹೊಡ್ದಂಗೈತೆ.”

“ಮರ ಕಡಿಯಾಕೆ ಒಯ್ತೀಯೋ, ಮದ್ವೆ ಮನೇಲಿ ಹಾಡ್ಸಾಕೋ?”

ಅಂಗಡಿ ಮುಂದೆ ಬಿದ್ದಿದ್ದ ತೆಂಗಿನ ತುಂಡಿಗೆ ಅವನು ಅನುಮಾನದಿಂದಲೇ ಬ್ಲೇಡ್ ಇಟ್ಟ. ಗೊರಕೆ ನಿಂತಿತು, ತುಂಡು ಎರಡಾಯಿತು. ಅವನು ಮಷಿನನ್ನು ಹೆಗಲಿಗೇರಿಸಿಕೊಂಡು ಹೊರಟ.

ಆ ಮಷಿನ್ ವಾಪಸ್ ಬರಲಿಲ್ಲ. ಬೇಸಿಗೆ ಕಳೆದ ಮೇಲೆ ಅವನೇ ಹೊಸ ಚೈನ್ ಕೊಳ್ಳಲು ಬಂದು, ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಘೋಷಿಸಿದ: “ಯಾವ್ ಕಂಪ್ಯೂಟ್ರು ತಂದ್ರೂ ಅಷ್ಟೇ ಕಣ್ರಯ್ಯ, ನಮ್ ಮೇಸ್ತ್ರಿ ಕಿವಿ ಮುಂದೆ ಲೆಕ್ಕಕ್ಕಿಲ್ಲ.” ನಾನು ಚೈನಿನ ಬಿಲ್ಲು ಬರೆಯುತ್ತಿದ್ದೆ. ಅಕ್ಷರ ಎಂದಿಗಿಂತ ಚೆನ್ನಾಗಿ ಬಂತು.

ಹೆಸರೇನೋ ಉಳಿಯಿತು. ಕಿವಿಯ ವಿಚಾರ ಮಾವನೇ ಎತ್ತಿದರು. “ಚಿತ್ರದುರ್ಗಕ್ಕೆ ಹೋಗಾಣ ನಡಿ. ಯಾರಾರ ಕೇಳಿದ್ರೆ ಸಾಮಾನು ತರಾಕೆ ಅನ್ನು.” ಹೀಗೆ, ಗಿರಾಕಿಗಳು ಹೋಗದಂತೆ ತಡೆದ ಊರಿಗೆ ನಾವೇ ಬಸ್ಸು ಹತ್ತಿದೆವು.

ಅಲ್ಲಿನ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ಮಾವನಿಗೆ ಹೆಡ್‌ಫೋನ್ ಹಾಕಿ, ಎದುರಿಗೆ ಮಷಿನ್ ಇಟ್ಟುಕೊಂಡು ಕೂತಳು. ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಬೇಕು. ಮಾವ ಎತ್ತಿದರು. ಮತ್ತೆ ಎತ್ತಿದರು. ಒಂದೂ ತಪ್ಪಲಿಲ್ಲ.

“ನಿಮ್ಮ ವಯಸ್ಸಿಗೆ ತುಂಬಾ ಚೆನ್ನಾಗಿದೆ ಸರ್,” ಎಂದಳು ಅವಳು. ಮಾವ ನನ್ನ ಕಡೆ ಗೆದ್ದವರ ನೋಟ ಬೀರಿದರು.

ನಾನು ಅವರ ಕಣ್ಣನ್ನು ಗಮನಿಸುತ್ತಿದ್ದೆ. ಅದು ನೆಟ್ಟಿದ್ದು ಅವಳ ಬೆರಳಿನ ಮೇಲೆ. ಬೆರಳು ಗುಂಡಿಗೆ ಇಳಿದಾಗ ಮಾವನ ಕೈ ಮೇಲೇಳುತ್ತಿತ್ತು. ಕಲಿಸಿದ್ದನ್ನು ಇಷ್ಟು ಬೇಗ ಎಲ್ಲೆಡೆ ಅನ್ವಯಿಸುವ ವಿದ್ಯಾರ್ಥಿಯನ್ನು ನಾನು ವಿಶ್ವವಿದ್ಯಾಲಯದಲ್ಲೂ ಕಂಡಿರಲಿಲ್ಲ.

“ಒಂದು ನಿಮಿಷ ಏಳಿ ಮಾವ,” ಎಂದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. ಅವರು ಜಗಳವಾಡಬಹುದು ಎಂದುಕೊಂಡಿದ್ದೆ. ಆಡಲಿಲ್ಲ. ನಮಗೆ ಬೆನ್ನು ಹಾಕಿ, ಅಂಗಿ ಸರಿಮಾಡಿಕೊಂಡು ಕೂತರು.

ಹುಡುಗಿ ಚೂಪು ಸದ್ದಿನ ಗುಂಡಿ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಬೇರೆ ಗುಂಡಿ ಒತ್ತಿದಳು. ಮಾವನ ಕೈ ಮೊಣಕಾಲಿನ ಮೇಲೆಯೇ ಇತ್ತು. ಅವಳು ಬೆರಳು ತೆಗೆದು, ಏನು ಮಾಡಲಿ ಎನ್ನುವಂತೆ ನನ್ನ ಕಡೆ ನೋಡಿದಳು. ಆಗ, ಯಾವ ಸದ್ದೂ ಇಲ್ಲದ ಆ ಹೊತ್ತಿನಲ್ಲಿ, ಮಾವ ಅಂದಾಜಿನ ಮೇಲೆ ನಿಧಾನವಾಗಿ ಕೈ ಎತ್ತಿದರು.