ಹೂವಿಟ್ಟ ಹೆಸರುಗಳು

ತಪ್ಪು ನನ್ನದೇ. ಎಐ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ.

ಹುಮನಾಬಾದಿನ ಒಂದು ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ರಕ್ತ ಪರೀಕ್ಷೆ ಮಾಡಿದವನು ನಾನು. ಮನೆ ಬಸವಕಲ್ಯಾಣದಲ್ಲಿ, ದಿನಾ ಬಸ್ಸಿನ ಓಡಾಟ. ಲ್ಯಾಬಿನಲ್ಲಿ ರಕ್ತ ಕೊಡುವವರದೊಂದು ರಿಜಿಸ್ಟರ್ ಇತ್ತು. ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ನಾವು ಹೊಡೆದು ಹಾಕುತ್ತಿರಲಿಲ್ಲ. ನಮ್ಮಲ್ಲಿ ಕೆಂಪು ಗೀಟೆಂದರೆ ರಕ್ತದಲ್ಲಿ ದೋಷವಿದೆ ಎಂದರ್ಥ. ಅಷ್ಟು ಜೀವ ಉಳಿಸಿದವರ ಹೆಸರಿನ ಮೇಲೆ ಅದನ್ನು ಎಳೆಯುವುದು ಹೇಗೆ? ಹಾಗಾಗಿ ಪಕ್ಕದಲ್ಲಿ ಪೆನ್ನಿನಿಂದ ಒಂದು ಸಣ್ಣ ಹೂವು ಬಿಡಿಸುತ್ತಿದ್ದೆವು. ನಿವೃತ್ತನಾದ ಮೇಲೆ, ಇದ್ದವರನ್ನೂ ಹೋದವರ ಮನೆಯವರನ್ನೂ ಕೇಳಿ, ಆ ಪಟ್ಟಿಯನ್ನು ವೆಬ್‌ಸೈಟ್ ಮಾಡಿದೆ. ಹೂವೂ ಪುಟ್ಟ ಚಿತ್ರವಾಗಿ ಅದರೊಳಗೆ ಬಂತು.

ಜನ ಆ ಪುಟಕ್ಕೆ ಬರುತ್ತಿದ್ದರು. ಒಂದು ಹೆಸರು ಹುಡುಕುತ್ತಾ ಹತ್ತು ಹೆಸರು ಓದುತ್ತಿದ್ದರು. ಹೂವು ಕಂಡಲ್ಲಿ ನಿಂತು ನನಗೆ ಫೋನ್ ಮಾಡಿ, "ಅಯ್ಯ, ಇವ್ರು ಯಾವಾಗ ಹೋದ್ರರಿ? ನಮಗ ಖಬರೇ ಇಲ್ಲ" ಎಂದು ಮರುಗಿದವರು ಎಷ್ಟೋ ಮಂದಿ.

ಆಮೇಲೆ ಈ ಹೊಸ ಪ್ರೋಟೋಕಾಲ್ ಬಂತು. ಯಾರದೇ ಎಐ ಆಗಲಿ, ಯಾವುದೇ ವೆಬ್‌ಸೈಟನ್ನು ಒಂದೇ ರೀತಿಯಲ್ಲಿ ಕೇಳಿ ಉತ್ತರ ಪಡೆಯಲಿ ಎಂದು ಮಾಡಿದ, ಎಲ್ಲರಿಗೂ ತೆರೆದ ನಿಯಮ ಅದು. ನನಗೆ ಬಹಳ ಹಿಡಿಸಿತು, ಈಗಲೂ ಹಿಡಿಸುತ್ತದೆ. ಓದು ಬಾರದವನೂ ಫೋನಿಗೆ ಬಾಯಿ ಹಚ್ಚಿ ಕೇಳಿದರೆ ಸಾಕು, ಉತ್ತರ ಸಿಗುತ್ತದೆ. ಮೂರು ದಿನ ಕೂತು ನಾನೇ ನನ್ನ ಪಟ್ಟಿಯನ್ನು ಜೋಡಿಸಿದೆ. ಯಾರು ರಕ್ತ ಕೊಟ್ಟು ಹೆಚ್ಚು ದಿನವಾಗಿದೆಯೋ ಅವರನ್ನು ಮೊದಲು ತೋರಿಸು ಎಂದು ನಿಯಮವನ್ನೂ ಹಾಕಿದೆ. ಶಾಣ್ಯಾತನ ನೋಡಿ ನನ್ನದು! ಹೆಸರು, ಗುಂಪು, ಊರು, ಫೋನ್ ನಂಬರ್, ಕೊನೆಗೆ ರಕ್ತ ಕೊಟ್ಟ ದಿನ, ಇಷ್ಟನ್ನೇ ಅದಕ್ಕೆ ಒಪ್ಪಿಸಿದ್ದೆ. ಹೂವಿನ ಚಿತ್ರ ಇತ್ತ ಪುಟದಲ್ಲೇ ಉಳಿದಿತ್ತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಗೆಳೆಯನ ಹೆಂಡತಿ ಫೋನ್ ಮಾಡಿದರು. ಗೆಳೆಯ ಕೋಟೆಯ ಹತ್ತಿರದ ಗಲ್ಲಿಯಲ್ಲಿ ಟೇಲರ್. ಕರೆದಾಗಲೆಲ್ಲ ಬಂದು ರಕ್ತ ಕೊಡುತ್ತಿದ್ದವನು. ತೀರಿಕೊಂಡು ಮೂರು ವರ್ಷವಾಗಿತ್ತು.

"ಭಾಯಿಸಾಬ್, ಮುಡಬಿಯವ್ರು ಯಾರೋ ಫೋನ್ ಹಚ್ಚಿ ಇವರ ಹೆಸರ ಹಿಡದು ಕೇಳಾಕತ್ತಾರ್ರಿ. ಅವರ ಮಗಳು ಹುಮನಾಬಾದ್ ದವಾಖಾನ್ಯಾಗ ಹಡದಾಳಂತ, ರಕ್ತ ನಿಂದ್ರಾವಲ್ದಂತ. ಓ ನೆಗೆಟಿವ್ ಬೇಕಂತ್ರಿ."

"ನೀವು ಏನಂದ್ರಿ?"

"ಇಲ್ಲ ಅಂತ ಹ್ಯಾಂಗ ಅನ್ಲಿ? ಮಗಳ ಜೀವ ಕೈಯಾಗ ಹಿಡಕೊಂಡ ನಿಂತಾರ, ಅವರ ಮುಂದ ಸಾವಿನ ಮಾತಾ? ಇವರು ಊರಾಗಿಲ್ಲ, ಬ್ಯಾರೆಯವ್ರಿಗೆ ಕಳಸ್ತೀನಿ ಅಂದೀನಿ. ನೀವು ಜಲ್ದಿ ನೋಡ್ರಿ."

ಪಟ್ಟಿ ತೆರೆದು ಎಐ ಕೇಳುವ ರೀತಿಯಲ್ಲೇ ಕೇಳಿ ನೋಡಿದೆ. ಓ ನೆಗೆಟಿವ್‌ನಲ್ಲಿ ಮೊದಲ ಮೂರು ಹೆಸರೂ ಹೂವಿಟ್ಟವರದೇ, ಮೂರನೆಯದು ನನ್ನ ಗೆಳೆಯನದು. ಅಲ್ಲ, ಸತ್ತವರಿಗಿಂತ ಹೆಚ್ಚು ದಿನದಿಂದ ರಕ್ತ ಕೊಡದವರು ಇನ್ಯಾರಿರುತ್ತಾರೆ? ಥೂ ನನ್ನ ಬುದ್ಧಿಗೆ! ನಾಲ್ಕನೆಯವರು ಹುಮನಾಬಾದಿನಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದರು. ಫೋನ್ ಮಾಡಿದೆ. ವಿಷಯ ಪೂರ್ತಿ ಕೇಳಲೂ ಇಲ್ಲ ಆ ಪುಣ್ಯಾತ್ಮ, "ಹೊಂಟೆ ನೋಡ್ರಿ" ಎಂದು ಅಂಗಡಿಯ ಬಾಗಿಲು ಎಳೆದುಕೊಂಡು ಹೋದ.

ನಾನೂ ಬಸ್ಸು ಹತ್ತಿದೆ. ಆ ದಾರಿ ಅಷ್ಟು ಉದ್ದವಿದೆ ಎಂದು ಇಪ್ಪತ್ತೆಂಟು ವರ್ಷದಲ್ಲಿ ನನಗೆ ಅನ್ನಿಸಿರಲಿಲ್ಲ. ದವಾಖಾನೆ ಮುಟ್ಟುವ ಹೊತ್ತಿಗೆ ರಕ್ತ ಏರುತ್ತಿತ್ತು. ಮಧ್ಯಾಹ್ನ ಡಾಕ್ಟರ್ ಹೊರಗೆ ಬಂದು, ಉಳಿದಳು, ಇನ್ನೊಂದು ತಾಸು ಹೋಗಿದ್ದರೆ ಕಷ್ಟವಿತ್ತು ಎಂದರು.

ಹುಡುಗಿಯ ತಂದೆ ನನ್ನ ಕೈ ಹಿಡಿದುಕೊಂಡ. "ಫೋನಿನ ಎಐ ಹೇಳಿದ ಮೊದಲಿನ ಇಬ್ರಿಗೆ ಹಚ್ಚಿ ಹಚ್ಚಿ ಸಾಕಾತ್ರಿ. ಎತ್ತಲೇ ಇಲ್ಲ. ಸಿಟ್ಟಿಗೆದ್ದು, ಇವರ ಮನಿ ಹಾಳಾಗ ಅಂತ ಬಾಯಿಗೆ ಬಂದಂಗ ಬೈದೀನ್ರಿ. ಅವರೂ ಯಾವ ತ್ರಾಸಿನಾಗ ಇದ್ರೋ ಏನೋ."

ಸುಮ್ಮನಿರಬಹುದಿತ್ತು, ಆಗಲಿಲ್ಲ. ಮೂವರೂ ಇಲ್ಲ, ತಪ್ಪು ನನ್ನದು ಎಂದು ಹೇಳಿಬಿಟ್ಟೆ. ಆತ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಗಲ್ಲಕ್ಕೆ ತಾನೇ ಎರಡು ಸಲ ಬಡಿದುಕೊಂಡು, "ಸತ್ತವರಿಗೆ ಬೈದ್ನೆಲ್ಲೋ ನಮ್ಮಪ್ಪಾ" ಎಂದು ಅತ್ತ.

ಸಂಜೆಯೊಳಗೆ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ಹೂವು ಕಂಡರೆ ತಿಳಿದುಕೊಳ್ಳುವ ಕಣ್ಣುಗಳು ಇನ್ನು ಮುಂದೆ ನನ್ನ ಪುಟಕ್ಕೆ ಬರುವುದೇ ಕಡಿಮೆ. ಜನರ ಪರವಾಗಿ ಬಂದು ಕೇಳುವ ಎಐಗಳಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ಹೇಳದಿರುವುದು ಹೋದವರಿಗೆ ಮರ್ಯಾದೆಯಲ್ಲ, ಯಾರದೋ ಮಗಳ ಜೀವಕ್ಕೆ ಕುತ್ತು. ಹನ್ನೊಂದು ಹೆಸರುಗಳ ಎದುರು ‘ತೀರಿಕೊಂಡಿದ್ದಾರೆ’ ಎಂದು ಬರೆದು ಫೋನ್ ನಂಬರುಗಳನ್ನು ತೆಗೆಯತೊಡಗಿದೆ. ಗೆಳೆಯನ ಸಾಲು ಕೊನೆಗೆ ಉಳಿಯಿತು. ಅವನ ಹೆಂಡತಿಯನ್ನು ಕೇಳದೆ ಕೈ ಹಾಕಲು ಮನಸ್ಸು ಬರಲಿಲ್ಲ, ಫೋನ್ ಮಾಡಿದೆ.

ಹುಡುಗಿ ಉಳಿದಳು ಎಂದು ಕೇಳಿ ಅವರು ಅಲ್ಲಾಹನನ್ನು ನೆನೆದರು. ಗೆಳೆಯ ತೀರಿಕೊಂಡಿದ್ದಾನೆ ಎಂದು ಬರೆದು ನಂಬರ್ ತೆಗೆಯಬೇಕಿದೆ ಎಂದೂ ಹೇಳಿದೆ.

"ಬರೀಬೇಕಾದ್ದು ಬರೀರಿ. ನಂಬರ್ ಒಂದು ಇರ್ಲಿ ಭಾಯಿಸಾಬ್. ಮೂರು ವರ್ಷ ಆತು, ಇವರು ಮನ್ಯಾಗದಾರೇನ್ರಿ ಅಂತ ಕೇಳಿದವರು ಇವತ್ತ ಆ ಮುಡಬಿಯವ್ರೊಬ್ರೇ."

ಆಗಲಿ ಎಂದೆ. ಫೋನ್ ಇಟ್ಟ ಮೇಲೆ ಅವನ ಹೆಸರಿನ ಎದುರೂ ಬರೆದು, ಆ ನಂಬರನ್ನೂ ತೆಗೆದೆ. ಅವರಿಗೆ ಇನ್ನೂ ಹೇಳಿಲ್ಲ.