ಉಗಿಬಂಡಿಗೆ ಇಟ್ಟ ನಿಂಬೆಹಣ್ಣು

ಅಂಕಲ್ ಯಾವುದನ್ನೇ ಆಗಲಿ ಮೊದಲು ಮುಟ್ಟುತ್ತಿದ್ದುದು ಬೆರಳುಗಳ ಹಿಂಭಾಗದಿಂದ. ಚಹಾದ ಲೋಟ, ಕಾರಿನ ಬಾನೆಟ್, ಜ್ವರ ಬಂದ ಮಗುವಿನ ಹಣೆ, ಎಲ್ಲಕ್ಕೂ ಅದೇ ಪರೀಕ್ಷೆ. ಉಗುರಿನ ಸಂದಿಯ ಎಣ್ಣೆಗೆರೆ ಹಬ್ಬದ ದಿನವೂ ಹೋಗುತ್ತಿರಲಿಲ್ಲ. "ಸುಟ್ರ ಹಿಂದ ಸುಡ್ಲಿ ತಮ್ಮಾ, ಅಂಗೈ ದುಡಿಯಾಕ ಬೇಕಲ್ಲ," ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವೆ ಮೈಸೂರಿನಿಂದ ಅಮೆರಿಕಕ್ಕೆ ಬಂದು ನಾರ್‌ಕ್ರಾಸಿನಲ್ಲಿ ಒಬ್ಬನೇ ಇದ್ದ ನನಗೆ ಅವರು ಸಿಕ್ಕಿದ್ದು ಇಂಡಿಯನ್ ಗ್ರೋಸರಿಯ ಪಾರ್ಕಿಂಗ್ ಲಾಟಿನಲ್ಲಿ. ನನ್ನ ಹಳೆಯ ಕಾರು ಮುಷ್ಕರ ಹೂಡಿತ್ತು. ಅದನ್ನು ರಿಪೇರಿ ಮಾಡಿ, ನನ್ನನ್ನು ಪಕ್ಕದೂರು ಸುವಾನಿಯ ತಮ್ಮ ಮನೆಗೆ ಕರೆದೊಯ್ದು ರೊಟ್ಟಿ ತಿನ್ನಿಸಿದರು. ಹುಬ್ಬಳ್ಳಿಯವರು. ಅವರು ಪಂಪ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು, ಆಂಟಿ ಡಾಕ್ಟರು. ಆಮೇಲೆ ನನ್ನ ಶನಿವಾರಗಳೆಲ್ಲ ಅಲ್ಲೇ ಕಳೆದವು.

ಅವರಿಗೊಂದು ಹುಚ್ಚಿತ್ತು. ನಿಜವಾದ ಉಗಿಯಿಂದಲೇ ಓಡುವ, ಮೊಳದುದ್ದದ ರೈಲು ಇಂಜಿನ್. ಇಂಗ್ಲೆಂಡಿನಲ್ಲಿ ಒಬ್ಬ ಮುದುಕ ಅವನ್ನು ಒಂದೊಂದಾಗಿ ಕೈಯಲ್ಲೇ ಮಾಡುತ್ತಿದ್ದನಂತೆ. ಅಂಕಲ್ ಸರದಿಯಲ್ಲಿ ಆರು ವರ್ಷ ಕಾದರು. ಹಿತ್ತಲಿನಲ್ಲಿ ಸೊಂಟದೆತ್ತರದ ಕಂಬಗಳ ಮೇಲೆ ಹಳಿ ಹಾಕಿ ಮುಗಿಸಿದರು. ಕೊನೆಗೂ ಇಂಜಿನ್ ಬಂದ ತಿಂಗಳೇ ಅವರ ಹೃದಯದ ರಕ್ತನಾಳಗಳು ಕಟ್ಟಿಕೊಂಡಿರುವುದು ಗೊತ್ತಾಯಿತು. ಐದು ವಾರದಲ್ಲಿ ಬೈಪಾಸ್.

"ಆಪರೇಷನ್‌ಕಿಂತ ಮೊದ್ಲ ಒಂದ್ ಸರ್ತಿ ಓಡೂದು ನೋಡ್ಬೇಕು," ಎಂದರು. "ಅಷ್ಟ ಸಾಕು ನನಗ."

ಆ ಶನಿವಾರ ಬಾಯ್ಲರಿಗೆ ನೀರು ತುಂಬಿ ಬೆಂಕಿ ಹೊತ್ತಿಸಿದೆವು. ಆಂಟಿ ಕುಂಕುಮ ಹಚ್ಚಿ, ನಿಂಬೆಹಣ್ಣನ್ನು ಚಕ್ರಕ್ಕೆ ಮುಟ್ಟಿಸಿ ಸಾಕೆಂದರು. ನಾನು ಬಿಡಬೇಕಲ್ಲ! "ಚಕ್ರ ಹತ್ತಿ ಹೋಗ್ಲೇಬೇಕು ಆಂಟಿ. ನಮ್ಮಪ್ಪ ಸ್ಕೂಟರ್‌ಗೂ ಬಿಟ್ಟಿರ್ಲಿಲ್ಲ," ಎಂದೆ. ಇಂಜಿನ್ನೇ ಅಷ್ಟು ಸಣ್ಣದು, ಇಡೀ ಹಣ್ಣು ಎಲ್ಲಿ ಹತ್ತೀತು? ತೆಳ್ಳಗೆ ಎರಡು ಹೋಳು ಹೆಚ್ಚಿ ಎರಡೂ ಹಳಿಗಳ ಮೇಲೆ ಇಟ್ಟೆ. ಅಂಕಲ್ ನಕ್ಕುಬಿಟ್ಟರು.

ಉಗಿ ಏರಿತು. ಅವರು ಉಗಿ ಬಿಡುವ ರೆಗ್ಯುಲೇಟರ್ ತೆರೆದರು. ಇಂಜಿನ್ ಗೇಣು ದೂರ ಸರಿದು ಹೋಳು ಹತ್ತಿದ್ದೇ ಹಳಿ ತಪ್ಪಿ ವಾಲಿತು. ನಾನು ಯೋಚಿಸದೆ ಬಾಯ್ಲರನ್ನೇ ಬಾಚಿ ಹಿಡಿದೆ. ಚರ್ಮ ಸುಟ್ಟ ವಾಸನೆ ಬಂತು. ಆದರೂ ಇಂಜಿನ್ ಹುಲ್ಲಿಗೆ ಬಿತ್ತು.

ಅಂಕಲ್ ಅದರತ್ತ ತಿರುಗಿಯೂ ನೋಡಲಿಲ್ಲ. ಅದನ್ನು ದಾಟಿ ಬಂದು ನನ್ನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಕೈಯನ್ನು ತಣ್ಣೀರಿನಡಿ ಹಿಡಿದರು. ನಾನು ಸಾರಿ, ಸಾರಿ ಎಂದು ಅಳುತ್ತಿದ್ದೆ. "ಹಿತ್ತಾಳಿ ಬಡದು ಸರಿ ಮಾಡಬಹುದೋ," ಎಂದರು. "ಕೈ ಎಲ್ಲಿ ಆರ್ಡರ್ ಮಾಡ್ಲಿ?"

ಇಂಜಿನ್ನಿನ ಮುಂದಿನ ಚಕ್ರಗಳ ಆಕ್ಸಲ್ ಬಗ್ಗಿತ್ತು. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಪ್ರತಿ ವಾರ ಹೋಗಿ ಸರಿಯಾಯಿತೇ ಎಂದು ಕೇಳುತ್ತಿದ್ದೆ. "ಪಾರ್ಟ್ ಇಂಗ್ಲೆಂಡಿನಿಂದ ಬರ್ಬೇಕಪಾ," ಎನ್ನುತ್ತಿದ್ದರು. ಆಪರೇಷನ್ನಿನ ಹಿಂದಿನ ದಿನವೂ ಅದೇ ಉತ್ತರ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತ ಆ ಏಳು ಗಂಟೆ ನನ್ನ ಮೂರ್ಖತನಕ್ಕೆ ನಾನೇ ಶಾಪ ಹಾಕಿಕೊಂಡೆ. ಅವರು ಉಳಿಯದಿದ್ದರೆ ಅವರ ಒಂದೇ ಆಸೆಯನ್ನು ಕಿತ್ತುಕೊಂಡವನು ನಾನಾಗುತ್ತಿದ್ದೆ.

ಅವರು ಉಳಿದರು. ಡಿಸೆಂಬರಿನ ಒಂದು ತಂಪು ಬೆಳಿಗ್ಗೆ, "ರೆಗ್ಯುಲೇಟರ್ ನೀನ ತಗಿ," ಎಂದರು. ಹೊಸ ಚರ್ಮದ ಬೆರಳುಗಳಿಂದ ತೆರೆದೆ. ಬಿಸಿ ಎಣ್ಣೆಯ ವಾಸನೆ ಹರಡಿ, ನೀರು ತೊಟ್ಟಿಕ್ಕುತ್ತ ಇಂಜಿನ್ ಹೊರಟಿತು. ಹೊಲಿಗೆ ಹಾಕಿದ ಎದೆಗೆ ದಿಂಬು ಒತ್ತಿಕೊಂಡು ಅಂಕಲ್ ಅದರ ಪಕ್ಕದಲ್ಲೇ ನಡೆದರು. ಮೂರು ಸುತ್ತೂ ಹಾಗೇ ನಡೆದರು. ಅಷ್ಟು ಸಂತೋಷವಾಗಿದ್ದ ಮುಖವನ್ನು ನಾನು ಇನ್ನೊಮ್ಮೆ ಕಂಡಿಲ್ಲ.

ನಾಲ್ಕು ವರ್ಷದ ನಂತರ ಅವರು ನಿದ್ದೆಯಲ್ಲೇ ಹೋದರು. ಹದಿಮೂರನೆಯ ದಿನದ ಊಟವಾದ ಮೇಲೆ, ಇಂಗ್ಲೆಂಡಿನಿಂದ ಆ ಪಾರ್ಟ್ ಬೇಗ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಂಟಿಯ ಹತ್ತಿರ ಹೇಳಿಕೊಂಡೆ.

"ಯಾವ ಪಾರ್ಟಪಾ?" ಎಂದರು ಆಂಟಿ. "ಒಂದ ವಾರದಾಗ ಗ್ಯಾರೇಜಿನಾಗ ಅವರ ಸರಿ ಮಾಡಿದ್ರು. ಒಂದ್ ಸುತ್ತು ಓಡಿಸಿ ಆಸ್ಪತ್ರೆಗೆ ಹೋಗೂಣ್ರಿ ಅಂತ ನಾ ಬೇಡಿಕೊಂಡೆ. ಬ್ಯಾಡ, ಅವನ ಕೈ ಇನ್ನೂ ಮಾಯ್ದಿಲ್ಲ, ಅವನ ಕೈಲೆ ಓಡಿಸಲಿಲ್ಲಂದ್ರ ಕೆಡಿಸಿದಾಂವ ನಾನು ಅಂತ ಜೀವನಪೂರ್ತಿ ಅನ್ಕೋತಾನ ಅಂದ್ರು."