ಫಿಯಾಟಿನ ರಿವರ್ಸ್ ಗೇರು

ಮಾವನವರು ಬಿಟ್ಟುಹೋದ ಫಿಯಾಟ್ ಕಾರನ್ನು ನಮ್ಮ ಯಜಮಾನರು ಮೂವತ್ತು ವರ್ಷ ಓಡಿಸಿದರು. ಮಹಾಯುದ್ಧ ಮುಗಿದ ಮೇಲೆ ಇಟಲಿಯವರು ಮಾಡಿದ ಮಾದರಿಯಂತೆ ಅದು. ದುಂಡನೆಯ ಬೆನ್ನು, ಬೆಣ್ಣೆಯ ಬಣ್ಣ, ಗೇರಿನ ಹಿಡಿಕೆ ಸ್ಟೇರಿಂಗಿನ ಪಕ್ಕದಲ್ಲೇ. ಅವರ ಕಣ್ಣು ಮಂಜಾಗಿ ಡಾಕ್ಟರರು ಗಾಡಿ ಓಡಿಸುವುದನ್ನು ಬಿಡಿಸಿದಾಗ, ಐವತ್ತೈದರ ನಾನು ತಾಲ್ಲೂಕಿನ ಊರಾದ ಜತ್ತಿಗೆ ಹೋಗಿ ಕಲಿತು ಲೈಸೆನ್ಸ್ ತಂದೆ.

ಅಲ್ಲಿ ಕಲಿತದ್ದು ಹೊಸ ಗಾಡಿಯ ಮೇಲೆ. ಫಿಯಾಟಿನ ಗೇರನ್ನು ಯಜಮಾನರೇ ಹೊಲದಲ್ಲಿ ಹೇಳಿಕೊಟ್ಟರು. ಮುಂದಿನ ಗೇರುಗಳೆಲ್ಲ ಬಂದವು. ರಿವರ್ಸ್ ಹಾಕುವುದನ್ನು ಒಮ್ಮೆ ತೋರಿಸಿ, “ತಿಳೀತೇನು?” ಎಂದರು. ನನಗೇನೂ ತಿಳಿದಿರಲಿಲ್ಲ. “ಇಷ್ಟ ಅಲ್ಲೇನ್ರಿ” ಅಂದುಬಿಟ್ಟೆ.

ಹಾಗೆ ಅಂದಮೇಲೆ ಮತ್ತೆ ಕೇಳುವುದು ಹೇಗೆ? ಒಂದು ವರ್ಷ ಹಿಂದೆ ಸರಿಯದೆಯೇ ಕಾರು ಓಡಿಸಿದೆ. ಸಂಖದ ಬಾಜಾರಕ್ಕೆ ಹೋದರೆ ಊರ ಹೊರಗಿನ ಬಯಲಲ್ಲಿ ನಿಲ್ಲಿಸಿ, ಚೀಲ ಹೊತ್ತು ನಡೆಯುತ್ತಿದ್ದೆ. ಕೇಳಿದವರಿಗೆ, “ನಡದ್ರ ಮೊಣಕಾಲಿಗಿ ಚಲೋ” ಅನ್ನುತ್ತಿದ್ದೆ. ಇಬ್ಬರು ಹೆಂಗಸರು ನನ್ನ ಮಾತು ನಂಬಿ ನಡೆಯಲು ಶುರುಮಾಡಿದರು.

ಕಳೆದ ಚಳಿಗಾಲದಲ್ಲಿ ಅಸಂಗಿಯಲ್ಲಿ ನಾದಿನಿಯ ಮೊಮ್ಮಗನ ತೊಟ್ಟಿಲು. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ನಾದಿನಿಯ ತೋಟದ ಮನೆಗೆ ಹೋಗುವ ದಾರಿ ಇಕ್ಕಟ್ಟು, ಎರಡೂ ಕಡೆ ಕಲ್ಲಿನ ಒಡ್ಡು. ನಡುದಾರಿಯಲ್ಲಿ ಎದುರಿಗೆ ಜೋಳದ ಒಣದಂಟಿನ ಕಣಿಕೆ ಒಟ್ಟಿದ ಟ್ರ್ಯಾಕ್ಟರ್ ಬಂತು.

“ಅಕ್ಕಾರ, ಸ್ವಲ್ಪ ಹಿಂದ ತಗೋರಿ. ಟ್ರಾಲಿ ತುಂಬೇದ, ನನಗ ಹಿಂದ ಸರಿಯಾಕ ಆಗಂಗಿಲ್ಲ” ಎಂದ ಚಾಲಕ.

ಹಿಡಿಕೆಯನ್ನು ಆ ಕಡೆ ಈ ಕಡೆ ಎಳೆದೆ. ಕಾರು ಗರ್ರೆಂದು ಟ್ರ್ಯಾಕ್ಟರಿನ ಕಡೆಗೇ ಒಂದು ಮೊಳ ಹಾರಿತು. ಅವನು ಸೀಟಿನಿಂದ ಕೆಳಗೆ ಜಿಗಿದ. ನಾನು ಎಂಜಿನ್ ಆರಿಸಿ, “ಗೇರ ಹಿಡಕೊಂಡದ” ಎಂದೆ.

ಒಡ್ಡಿನ ಆಚೆ ಕುರಿ ಮೇಯಿಸುತ್ತಿದ್ದ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು. ಇಳಿದು ಬಂದು ಸೆರಗು ಸಿಕ್ಕಿಸಿ, “ನೂಕೂಣು ನಡೀರಿ” ಎಂದಳು. ಅವಳೂ ಚಾಲಕನೂ ಮುಂದಿನಿಂದ ನೂಕಿದರು. ನಾನು ಗೇರು ನ್ಯೂಟ್ರಲ್ಲಿಗೆ ತಂದು, ಸ್ಟೇರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದೆ. ಕಾರು ಅಲುಗಲಿಲ್ಲ. ಮುದುಕಿ ಕಿಟಕಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕಾರ, ನೀವು ಇಳೀರಿ. ಭಾಳ ಹಗೂರ ಆಗ್ತದ” ಎಂದಳು.

ಇಳಿದೆ. ರೇಷ್ಮೆ ಸೀರೆಯಲ್ಲಿ ನಾನೂ ನೂಕಿದೆ. ಕಣ್ಣು ಮಂಜಾದ ಯಜಮಾನರು ಪಕ್ಕದ ಸೀಟಿನಿಂದಲೇ ಕೈ ಚಾಚಿ ಸ್ಟೇರಿಂಗ್ ಹಿಡಿದರು. ಒಡ್ಡು ಒಡೆದಿದ್ದ ಜಾಗದವರೆಗೆ ಕಾರು ನೆಟ್ಟಗೆ ಹಿಂದೆ ಹೋಯಿತು. ಟ್ರ್ಯಾಕ್ಟರ್ ದಾಟಿತು.

ಮತ್ತೆ ಕೂತಾಗ ನನಗೆ ಏದುಸಿರು. “ರಿವರ್ಸ್ ನನಗ ಬರಂಗಿಲ್ರಿ” ಎಂದೆ.

“ಗೊತ್ತದ. ವರ್ಷಾತು.”

“ಮತ್ತ ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲ. ಸಿಟ್ಟಿಗೆದ್ದು ಗಾಡಿ ಬಿಟ್ಟೀ ಅಂದ್ರ ನನ್ನ ಯಾರು ಕರ್ಕೊಂಡು ಅಡ್ಡಾಡತಾರ?”

ಮರುದಿನ ಹೊಲದಲ್ಲಿ ಅವರು ನನ್ನ ಕೈ ಮೇಲೆ ಕೈಯಿಟ್ಟು ಹಿಡಿಕೆ ಎಳೆಸಿದರು. ಈ ಸಲ ಬಿತ್ತು. ಖುಷಿಯಲ್ಲಿ ನಾನು ಎಕ್ಸಲರೇಟರಿನಿಂದ ಕಾಲು ತೆಗೆಯುವುದನ್ನೇ ಮರೆತೆ. ಕಾರು ಹಿಂದಕ್ಕೆ ಓಡಿ ಕಣಿಕೆಯ ಬಣವೆಯೊಳಗೆ ಅರ್ಧ ಹೊಕ್ಕು ನಿಂತಿತು.

ಯಜಮಾನರು ತಲೆಯ ಮೇಲೆ ಬಿದ್ದ ಎಲೆ ತೆಗೆದುಕೊಂಡರು. “ಹಾಕೂದು ಚಲೋ ಕಲತಿ. ನಾಳಿಗಿ ನಿಲ್ಲಸೂದು ಹೇಳ್ತೀನಿ” ಎಂದರು.